ಮಾವನ ಆಣೆ ಮತ್ತು ಫ್ರೆಂಚ್ ಹುಂಜ

ಆ ಹುಂಜ ಕೆಂಪಗಿತ್ತೋ ಕಪ್ಪಗಿತ್ತೋ ನನಗೀಗ ನೆನಪಿಲ್ಲ. ಮುದಿಯಾಗಿತ್ತು ಎಂಬುದು ಮಾತ್ರ ಖಾತ್ರಿ, ಏಕೆಂದರೆ ಮುದಿ ಹುಂಜವೇ ಬೇಕೆಂದು ಹಟ ಹಿಡಿದವನು ನಾನು. ಜಮಖಂಡಿಯಲ್ಲಿ ಅಕ್ಕನ ಮನೆಯ ಹಿತ್ತಲು. ಅಕ್ಕ ಒಂದು ಎಳೆಯ ಕೋಳಿಯನ್ನು ರೆಕ್ಕೆ ಹಿಡಿದು ತಂದು ನಿಲ್ಲಿಸಿದಳು. ಇದು ಬೇಡ, ಅಲ್ಲಿ ಗೋಡೆಯ ಮೇಲೆ ಕೂತಿದೆಯಲ್ಲ, ಆ ಮುದುಕ ಬೇಕು ಎಂದೆ.

"ಮುದಿ ಹುಂಜಾ ತಿನ್ನಾಕ ಅಷ್ಟ ದೂರ ಹೋಗಿ ಕಾಲೇಜ ಕಲತಿಯೇನೋ ತಮ್ಮಾ?" ಎಂದು ಅವಳು ನಕ್ಕಳು. "ಅದರ ತೊಡಿ ಬೇಯಬೇಕಂದ್ರ ನಾಳಿ ಮಧ್ಯಾಹ್ನ ಆಕ್ಕೈತಿ."

"ಅದಕ್ಕ ಅದು ಬೇಕು ಅಕ್ಕಾ. ಫ್ರಾನ್ಸಿನಾಗ ಹಿಂಗ ಮಾಡತಾರ. ಮುದಿ ಹುಂಜಾನ್ನ ದ್ರಾಕ್ಷಿ ವೈನಿನಾಗ ಸಣ್ಣ ಉರಿ ಮ್ಯಾಲ ಬೇಯಸೂದು."

ಫ್ರಾನ್ಸಿನಲ್ಲಿ ಹೇಗೆ ಮಾಡುತ್ತಾರೆಂದು ನನಗೇನು ಗೊತ್ತಿತ್ತು? ಪುಣೆಯ ಕಾಲೇಜಿನಲ್ಲಿ ಫ್ರೆಂಚ್ ಭಾಷೆಯನ್ನು ಎರಡನೆಯ ಭಾಷೆಯಾಗಿ ಓದಿದ್ದೆ. ಪಠ್ಯದಲ್ಲಿ ಒಂದು ಅಡುಗೆಯ ಪಾಠವಿತ್ತು. ಊಟಕ್ಕೆ ಮುಂಚಿನ ತಾಸಿನಲ್ಲಿ ನಮ್ಮ ಪ್ರಾಧ್ಯಾಪಕರು ಅದನ್ನು ನಿಧಾನವಾಗಿ, ಬಾಯಿ ಚಪ್ಪರಿಸುತ್ತ ಓದುತ್ತಿದ್ದರು. ಹಾಸ್ಟೆಲಿನ ತೆಳ್ಳನೆಯ ಬೇಳೆ ಕಾಯುತ್ತಿದ್ದ ನಮಗೆ ಅದೊಂದು ಶಿಕ್ಷೆ. ಕೋಕ್ ಓ ವ್ಯಾಂ, ಅಂದರೆ ವೈನಿನಲ್ಲಿ ಬೆಂದ ಹುಂಜ, ಎಂಬ ಆ ಹೆಸರು ನನ್ನ ನಾಲಿಗೆಗೆ ಬಂದದ್ದು ಹಾಗೆ. ಅಡುಗೆ ಮಾತ್ರ ಎಂದೂ ಬಂದಿರಲಿಲ್ಲ. ಅಕ್ಕನ ಮುಂದೆ ನಾನು ಹತ್ತಾರು ಸಲ ತಿಂದವನಂತೆ ಮಾತಾಡಿದೆ. ಅವತ್ತು ನಾನೇ ಅದನ್ನು ನಂಬಿದ್ದೆನೇನೋ.

ವೈನು ಬಂದದ್ದು ಗೋವೆಯಿಂದ. ನಾನಾಗ ಬೆಳಗಾವಿಯಲ್ಲಿ ಪಾಠ ಹೇಳುತ್ತಿದ್ದೆ. ಜೊತೆಯ ಅಧ್ಯಾಪಕನೊಬ್ಬ ಗೋವೆಯವನು, ರಜೆ ಮುಗಿಸಿ ಬರುವಾಗ ಪೋರ್ತುಗೀಜರ ಕೆಂಪು ವೈನಿನ ಬಾಟಲಿಯೊಂದನ್ನು ತಂದುಕೊಟ್ಟ. ನಾವಿದ್ದದ್ದು ಮುಂಬೈ ರಾಜ್ಯ. ಪಾನನಿಷೇಧದ ಕಾಯ್ದೆ ಬಿಗಿಯಾಗಿದ್ದ ದಿನಗಳು. ಬಾಟಲಿಯನ್ನು ಎರಡು ಧೋತರದಲ್ಲಿ ಸುತ್ತಿ ಹಾಸಿಗೆಯ ಸುರುಳಿಯೊಳಗೆ ತುರುಕಿ ಕುಡಚಿಯಲ್ಲಿ ರೈಲು ಇಳಿದೆ. ತೇರದಾಳ, ರಬಕವಿ, ಬನಹಟ್ಟಿ ದಾಟುವ ತನಕ ಬಸ್ಸಿನಲ್ಲಿ ಆ ಸುರುಳಿಯ ಮೇಲೇ ಕೂತಿದ್ದೆ. ಪೊಲೀಸರ ಹೆದರಿಕೆ ಇತ್ತು. ಅದಕ್ಕಿಂತ ಹೆಚ್ಚಾಗಿ ಇನ್ನೊಂದು ವಿಷಯಕ್ಕೆ ಹೆದರಬೇಕಿತ್ತು, ಅದು ಹೊಳೆಯಲೇ ಇಲ್ಲ. ಹೊಳೆಯಲಿಲ್ಲ ಎಂದರೆ ಪೂರ್ತಿ ನಿಜವಾಗುವುದಿಲ್ಲ. ಹೊಳೆದಿತ್ತು, ಅದಕ್ಕೆ ನನ್ನ ಬಳಿ ಉತ್ತರ ಸಿದ್ಧವಾಗಿತ್ತು.

ಅಕ್ಕನ ಗಂಡನನ್ನು ನಮ್ಮ ಕಡೆ ಮಾವ ಎನ್ನುತ್ತೇವೆ, ಅವರು ನಮ್ಮನ್ನು ಅಳಿಯ ಎನ್ನುತ್ತಾರೆ. ಮಾವ ಜಮಖಂಡಿಯ ಪೇಟೆಯಲ್ಲಿ ಉಣ್ಣೆ ಮತ್ತು ಕಂಬಳಿಯ ಅಂಗಡಿ ಇಟ್ಟಿದ್ದರು. ಅವರ ತಂದೆಯ ಕಾಲದ ತನಕ ಕುರಿ ಕಾಯ್ದ ಮನೆತನ, ಬೀರೇಶ್ವರನ ಒಕ್ಕಲು. ಮಾವ ಕುಡಿಯುತ್ತಿದ್ದರು. ಸಂಸ್ಥಾನ ಇದ್ದಾಗ ಬಹಿರಂಗವಾಗಿ ಕುಡಿದರು, ಕಾಯ್ದೆ ಬಂದಮೇಲೆ ಹಳ್ಳದ ದಂಡೆಯ ಗುಡಿಸಲುಗಳಲ್ಲಿ ಕುಡಿದರು. ಅಕ್ಕ ಒಮ್ಮೆ ಮುಧೋಳದ ಹತ್ತಿರದ ನಮ್ಮ ಊರಿಗೆ, ತವರಿಗೆ, ಬರಿಗಾಲಲ್ಲಿ ನಡೆದು ಬಂದಿದ್ದಳು. ಆಮೇಲೆ ಮಾವ ಬೀರೇಶ್ವರನ ಗುಡಿಯಲ್ಲಿ ಭಂಡಾರ ಹಿಡಿದು ಇನ್ನು ಕುಡಿಯುವುದಿಲ್ಲ ಎಂದು ಆಣೆ ಮಾಡಿದರು. ಭಂಡಾರವೆಂದರೆ ದೇವರಿಗೆ ಏರಿಸಿದ ಅರಿಷಿಣದ ಪುಡಿ.

ಅವರ ಮನೆತನದಲ್ಲಿ ಆಣೆಗೊಂದು ಪದ್ಧತಿ. ಒಬ್ಬನೇ ಹಿಡಿದ ಭಂಡಾರ ಜಾರುತ್ತದೆ ಎನ್ನುತ್ತಾರೆ. ಆಣೆ ಮಾಡುವವನ ಕೈ ಕೆಳಗೆ ಇನ್ನೊಬ್ಬರು ಕೈ ಹಚ್ಚಬೇಕು. ಹಚ್ಚಿದವರು ತಮಗೆ ಇಷ್ಟವಾದದ್ದೊಂದನ್ನು ಬಿಡಬೇಕು. ಇವನು ಮುರಿದರೆ ಅವರು ಬಿಟ್ಟದ್ದೂ ವ್ಯರ್ಥ. ಮಾವನ ಕೈ ಕೆಳಗೆ ಕೈ ಹಚ್ಚಿದವರು ಅವರ ತಾಯಿ. ಎಲ್ಲರೂ ಆಯಿ ಎಂದೇ ಕರೆಯುತ್ತಿದ್ದ ಆ ಮುದುಕಿ ತಂಬಾಕು ಬಿಟ್ಟರು. ಆಣೆಯಾಗಿ ಎರಡು ಸುಗ್ಗಿ ದಾಟಿದ್ದವು. ಮಾವ ಹನಿ ಮುಟ್ಟಿರಲಿಲ್ಲ. ಅಕ್ಕನ ಕೆನ್ನೆಗಳು ತುಂಬಿಕೊಂಡಿದ್ದವು. ಇಷ್ಟೆಲ್ಲ ಗೊತ್ತಿದ್ದೇ ಬಾಟಲಿ ತಂದಿದ್ದೆ.

ನಾನೇನೂ ಮುಚ್ಚಿಡಲಿಲ್ಲ. ಬಾಟಲಿಯನ್ನು ಒಲೆಯ ಪಕ್ಕ ಎಲ್ಲರಿಗೂ ಕಾಣುವಂತೆಯೇ ಇಟ್ಟೆ. ಅಕ್ಕ ಬಿರಡೆ ತೆಗೆದು ಮೂಸಿ ಮುಖ ಹಿಂದಕ್ಕೆಳೆದುಕೊಂಡಳು.

"ತಮ್ಮಾ, ಇದು ಸೆರಿ."

"ದ್ರಾಕ್ಷೀದು ಅಕ್ಕಾ. ಕುದಿಸಿದ್ರ ಅಮಲೆಲ್ಲಾ ಹಾರಿ ಹೋಕ್ಕೈತಿ. ನೀರಿಗಿಂತ ಮೊದಲ ಅದ ಆವಿ ಆಗೂದು. ಕಡೀಕ ಉಳಿಯೂದು ಬರೇ ರುಚಿ."

"ಖರೇನ?"

"ಖರೆ. ಸೈನ್ಸ ಐತಿ."

ಮಾವ ಅಷ್ಟೊತ್ತಿಗೆ ಅಂಗಡಿಯಿಂದ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದರು. ಬಾಟಲಿಯನ್ನು ಒಂದು ಸಲ ನೋಡಿ, ಆಮೇಲೆ ಅದರ ಕಡೆ ತಿರುಗದೆ ನನ್ನನ್ನೇ ನೋಡುತ್ತ ಕೇಳಿದರು.

"ಅಳಿಯಾ, ಸೈನ್ಸ ಇರ್ಲಿ. ನನ್ನ ಆಣಿಗೆ ಏನ ಆಕ್ಕೈತಿ?"

"ಏನೂ ಆಗೂದಿಲ್ಲ ಮಾವಾರ. ನಿಮ್ಮ ಆಣಿ ಇರೂದು ಕುಡಿಯೂದಕ್ಕ. ಇದು ತಿನ್ನೂದು."

ನೆರಳಿನಲ್ಲಿ ಕಾಲು ಚಾಚಿ ಜೋಳ ಹಸನು ಮಾಡುತ್ತಿದ್ದ ಆಯಿ ಮೊರ ಕೆಳಗಿಟ್ಟರು. ಆಣೆಯ ಅರ್ಧ ಪಾಲು ಅವರದಾದ್ದರಿಂದ ತೀರ್ಪೂ ಅವರದೇ. ಒಂದು ಗಳಿಗೆ ಯೋಚಿಸಿ, "ಗಂಗಾಳದಾಗ ಬಂದದ್ದು ಊಟ. ಗಲಾಸಿನ್ಯಾಗ ಬಂದದ್ದು ಕುಡತ. ದೇವರಿಗೆ ಇಷ್ಟೂ ತಿಳೀದೇನು?" ಎಂದರು. ಮಾವ ನಕ್ಕರು. "ಹಂಗಾರ ಗಂಗಾಳದಾಗ ಹಾಕ್ರಿ" ಎಂದರು. ನನಗೆ ಆಯಿಯ ಮಾತು ಬಹಳ ಹಿಡಿಸಿತು. ಹಳ್ಳಿಯ ಮುದುಕಿಯೊಬ್ಬಳು ನನ್ನ ಪಕ್ಷಕ್ಕೆ ಬಂದಳೆಂದು ಒಳಗೊಳಗೇ ಬೀಗಿದೆ.

ಅಡುಗೆ ಶುರುವಾಯಿತು. ಪಾಠದಲ್ಲಿದ್ದ ಅರ್ಧ ಸಾಮಾನು ಜಮಖಂಡಿಯಲ್ಲಿ ಸಿಗುವಂಥದ್ದಲ್ಲ. ಹಂದಿಯ ಕೊಬ್ಬಿನ ಬದಲು ಕುರಿಯ ಚರ್ಬಿ ಕರಗಿಸಿದೆವು. ಬೇಸಿಗೆಯಾದ್ದರಿಂದ ಅಣಬೆ ಇರಲಿಲ್ಲ. ಅಕ್ಕ ಅದರ ಜಾಗಕ್ಕೆ ಎಳೆಯ ಬದನೆಕಾಯಿ ಹಾಕಿದಳು. ಸಣ್ಣ ಉಳ್ಳಾಗಡ್ಡಿ ಮಾತ್ರ ಬೇಕಾದಷ್ಟು ಇತ್ತು, ಇಡಿಯಾಗಿಯೇ ಹುರಿದೆವು. ಹುಂಜದ ತುಂಡುಗಳನ್ನು ಚರ್ಬಿಯಲ್ಲಿ ಕೆಂಪಗಾಗುವ ತನಕ ಹೊರಳಿಸಿ, ಬೆಳ್ಳುಳ್ಳಿ ಜಜ್ಜಿ ಹಾಕಿ, ಬಾಟಲಿಯನ್ನು ಪೂರ್ತಿ ಬಗ್ಗಿಸಿದೆ. ಕಲಾಯಿ ಹಾಕಿದ ದೊಡ್ಡ ಪಾತ್ರೆಯಲ್ಲಿ ಅದು ಭುಸ್ಸೆಂದು ಎದ್ದು ಕೆನ್ನೀಲಿ ಬಣ್ಣಕ್ಕೆ ತಿರುಗಿತು. ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಪಕ್ಕದ ಜೈನರ ಮನೆಯವರು ಕಿಟಕಿ ಹಾಕಿಕೊಂಡ ಸಪ್ಪಳ ಕೇಳಿತು. ಪಾಪ, ಅವರಿಗೆ ನಾವು ಕೋಳಿ ಬೇಯಿಸುವುದೇ ಸಾಕಾಗಿತ್ತು, ಮೇಲೆ ಈ ವಾಸನೆ.

ಮಾವ ಎಲ್ಲೂ ಹೋಗಲಿಲ್ಲ. ಅದು ನನಗೆ ಚೆನ್ನಾಗಿ ನೆನಪಿದೆ. ಅಥವಾ ಮುಂದೆ ನಡೆದದ್ದರಿಂದಾಗಿ ನೆನಪಿದೆ ಎಂದುಕೊಂಡಿದ್ದೇನೆ. ಅಂಗಡಿಗೆ ವಾಪಸು ಹೋಗಬೇಕಾದವರು ಹೊಸ್ತಿಲ ಮೇಲೇ ಕೂತರು. ಉರಿ ಸಣ್ಣಗಾಯಿತು, ಹಬೆ ಅಡುಗೆಮನೆ ತುಂಬಿತು. ಅವರು ಕಣ್ಣು ಮುಚ್ಚಿದ್ದರು. ನಿದ್ದೆ ಎಂದುಕೊಂಡೆ.

ಅಕ್ಕ ಚಮಚದಲ್ಲಿ ಬಣ್ಣ ನೋಡಿ, ಹುಳಿ ಜಾಸ್ತಿಯಾಗಿರಬೇಕೆಂದು ಮಹಾಲಿಂಗಪುರದ ಬೆಲ್ಲವನ್ನು ಚೂರು ಮುರಿದು ಹಾಕಿದಳು. ಗಟ್ಟಿಯಾಗಲೆಂದು ಮೈದಾ ಹಾಕಬೇಕಿತ್ತು. ಹುರಿದ ಜೋಳದ ಹಿಟ್ಟು ಹಾಕಿದೆವು. ಅದು ಸರಿಯಾಗಿ ಕೂಡಲಿಲ್ಲ. ಮಾಂಸ ಮೆತ್ತಗಾದರೂ ರಸ ತೆಳ್ಳಗೇ ಉಳಿಯಿತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ರಸ ಗಟ್ಟಿಯಾಗಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ ಎಂದು ನಾನು ಎಷ್ಟೋ ವರ್ಷ ಸಮಾಧಾನ ಹೇಳಿಕೊಂಡಿದ್ದೇನೆ. ತಪ್ಪನ್ನು ಹಿಟ್ಟಿನ ಮೇಲೆ ಹಾಕುವುದು ಎಷ್ಟು ಸುಲಭ.

ಊಟಕ್ಕೆ ಕೂತಾಗ ಮಧ್ಯಾಹ್ನ ಇಳಿದಿತ್ತು. ಬಿಸಿ ರೊಟ್ಟಿ, ಹಸಿ ಮೆಣಸಿನಕಾಯಿ, ನಡುವೆ ಆ ಕಪ್ಪುಕೆಂಪು ಪದಾರ್ಥ. ಮೊದಲ ತುತ್ತಿಗೇ ಆಯಿ ಮುಖ ಕಿವುಚಿದರು. "ಯಪ್ಪಾ, ಹುಣಸಿ ಹುಳಿಯಾಗ ಹುಂಜಾ ಮುಳುಗಿಸಿದಂಗ ಐತಿ. ಫ್ರಾನ್ಸದವ್ರಿಗೆ ಖಾರದಪುಡಿ ಗೊತ್ತಿಲ್ಲೇನ?"

"ತಡೀ ಆಯಿ, ನಾಲಿಗಿಗೆ ಹತ್ತಬೇಕದು" ಎಂದೆ.

"ನನ್ನ ನಾಲಿಗಿಗೆ ತಂಬಾಕ ಹತ್ತಿತ್ತು, ಅದನ್ನ ಬಿಡಿಸಿದ್ರಿ. ಇದನ್ನ ಹತ್ತಸ್ತೀರೇನ?"

ಎಲ್ಲರೂ ನಕ್ಕೆವು. ಮಾವ ನಗಲಿಲ್ಲ. ಅವರು ಉಣ್ಣುತ್ತಿದ್ದರು. ರೊಟ್ಟಿಯನ್ನು ರಸದಲ್ಲಿ ನೆನೆಸಿ, ಅದು ಪೂರ್ತಿ ಬಣ್ಣ ಹೀರುವ ತನಕ ಕಾದು ಬಾಯಿಗಿಟ್ಟುಕೊಳ್ಳುತ್ತಿದ್ದರು. ತುಂಡುಗಳನ್ನು ಮುಟ್ಟಿರಲಿಲ್ಲ. ಅಕ್ಕ ಎರಡನೆಯ ಸಲ ಬಡಿಸಿದಳು. ಮಾವ ರಸ ಸಾಕಷ್ಟು ಹಾಕು ಎಂದು ಕೈ ಮಾಡಿದರು. ಆ ರಸವೂ ಹೋಯಿತು. ಗಂಗಾಳದಲ್ಲಿ ತುಂಡುಗಳು ಹಾಗೇ ಉಳಿದಿದ್ದವು. ಆಮೇಲೆ ಮಾವ ಪಾತ್ರೆಯನ್ನು ತಮ್ಮ ಕಡೆ ಎಳೆದುಕೊಂಡರು. ಪಕ್ಕದಲ್ಲಿ ನೀರಿನ ಗಲಾಸು ಇತ್ತು. ನೀರನ್ನು ಹೊರಗೆ ಚೆಲ್ಲಿ, ಪಾತ್ರೆ ಬಾಗಿಸಿ, ತಳದ ರಸವನ್ನು ಅದಕ್ಕೆ ಬಗ್ಗಿಸಿದರು. ಅವಸರವಿರಲಿಲ್ಲ. ಕೈ ತನ್ನಷ್ಟಕ್ಕೆ ತಾನು ಗೊತ್ತಿದ್ದ ಕೆಲಸ ಮಾಡಿದಂತಿತ್ತು. ಎತ್ತಿ ಒಂದೇ ಉಸಿರಿಗೆ ಕುಡಿದರು. ಕುಡಿದ ಮೇಲೆ ಮೀಸೆ ಒರೆಸಿಕೊಂಡರು, ಹಿಂದೆ ಒರೆಸಿಕೊಳ್ಳುತ್ತಿದ್ದ ಹಾಗೆಯೇ.

ಅಕ್ಕನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು.

ಮಾವ ಗಲಾಸನ್ನು ಕೆಳಗಿಟ್ಟು ಅದನ್ನೇ ನೋಡಿದರು. "ಈಗ ಕುಡದೆ" ಎಂದರು.

"ಇಲ್ಲರಿ" ಎಂದಳು ಅಕ್ಕ. "ಅದು ಸಾರು. ಸಾರು ಯಾರೂ ಕುಡಿಯೂದಿಲ್ಲೇನ?"

"ಗಲಾಸಿನ್ಯಾಗ ಹಾಕ್ಕೊಂಡ ಕುಡದೆ. ಯವ್ವಾ, ನೀನ ಹೇಳಿದ್ದಿ."

ಮಾತಾಡಬೇಕಾದವನು ನಾನು ಎನ್ನಿಸಿತು. ಮಾತಿಗೆ ನನಗೆಂದೂ ಬರ ಇರಲಿಲ್ಲ. ಗಲಾಸು, ಗಂಗಾಳ ಎಲ್ಲ ಹೊರಗಿನವು ಎಂದು ಶುರು ಮಾಡಿದೆ. ಇದರಲ್ಲಿ ಅಮಲಿಲ್ಲ, ಇದು ಕುಡಿತವಲ್ಲ. ಆಣೆ ಇರುವುದು ಮನುಷ್ಯನ ಉದ್ದೇಶದಲ್ಲಿ. ಕುಡಿಯಬೇಕೆಂಬ ಮನಸ್ಸಿಲ್ಲದಿದ್ದರೆ ಮುರಿದಂತೆ ಆಗುವುದೇ ಇಲ್ಲ. ತರ್ಕಶಾಸ್ತ್ರದ ತರಗತಿಯಲ್ಲಿ ಹೇಳಿದಂತೆ ಹೇಳಿದೆ. ಮಾವ ಪೂರ್ತಿ ಕೇಳಿಸಿಕೊಂಡರು.

"ಅಂದ್ರ ಆಣಿ ನಾಲಿಗಿ ಮ್ಯಾಲ ಇಲ್ಲ, ಮನಸಿನ್ಯಾಗ ಐತಿ ಅಂತಿ."

"ಹೌದ್ರಿ ಮಾವಾ."

"ಮನಸಿನ್ಯಾಗ ನಾ ದಿನಾ ಕುಡದೇನಿ ಅಳಿಯಾ." ಅವರ ದನಿ ಸಣ್ಣಗಿತ್ತು. "ದಿನಾ ಸಂಜಿಕ ಅಂಗಡಿ ಬಾಗಲಾ ಹಾಕೂ ಮುಂದ ಕುಡೀತೇನಿ. ಕೀಲಿ ಹಾಕಿ, ಕುಡದು, ಮನೀಗೆ ಬರ್ತೇನಿ. ನಾಲಿಗಿ ಒಂದ ಸ್ವಚ್ಛ ಇತ್ತು. ಅದರ ಮ್ಯಾಲ ನಿಂತಿದ್ದೆ."

ಆಯಿಯ ತೀರ್ಪಿನಂತೆ ಆಣೆ ಆ ಗಳಿಗೆಯಲ್ಲಿ ಮುರಿದಿತ್ತು. ನನ್ನ ತರ್ಕದಂತೆ ಅದು ಎಂದೂ ಇರಲೇ ಇಲ್ಲ. ಅವರಿಗೆ ನಿಲ್ಲಲು ಇದ್ದ ಒಂದು ಗೇಣು ಜಾಗವನ್ನು ಸಮಾಧಾನದ ಹೆಸರಿನಲ್ಲಿ ನಾನೇ ಕಿತ್ತುಕೊಂಡಿದ್ದೆ. ಮುರಿದ ಆಣೆ ಯಾರನ್ನೂ ತಡೆಯುವುದಿಲ್ಲ. ಹಳ್ಳದ ಗುಡಿಸಲುಗಳು ದೂರವೇನಲ್ಲ, ಸಂಜೆಗೆ ಇನ್ನೂ ಹೊತ್ತಿತ್ತು. ಅಕ್ಕ ಗಂಡನ ಮುಖ ನೋಡಲಿಲ್ಲ, ಅವರ ಚಪ್ಪಲಿಗಳನ್ನೇ ನೋಡುತ್ತಿದ್ದಳು. ಎದ್ದು ಯಾವ ಕಡೆ ಹೋಗುತ್ತಾರೆ ಎಂಬುದಷ್ಟೇ ಅವಳಿಗೆ ಬೇಕಾಗಿತ್ತು.

ಮಾವ ಕೈ ತೊಳೆದರು. ಚಪ್ಪಲಿ ಮೆಟ್ಟಲಿಲ್ಲ. "ಗುಡಿಗೆ ಹೋಗೂಣು" ಎಂದರು. "ಮೊದಲಿಂದ ಹಿಡೀತೇನಿ."

"ಹಂಗಾರ ಅಲ್ಲೀತನಾ ನಾ ಒಂದ ಚೂರ ತಂಬಾಕ ತಿನ್ನಬೌದೇನ?" ಎಂದರು ಆಯಿ. ಅವರ ಕಣ್ಣಲ್ಲಿ ನೀರಿತ್ತು. ಬಿಟ್ಟ ತಂಬಾಕೆಲ್ಲ ಲೆಕ್ಕಕ್ಕಿಲ್ಲದೆ ಹೋದದ್ದಕ್ಕೋ, ಮಗನಿಗೋ, ನನಗೆ ತಿಳಿಯಲಿಲ್ಲ.

ಊರ ಹೊರಗಿನ ಗುಡಿಗೆ ನಾಲ್ವರೂ ಬರಿಗಾಲಲ್ಲಿ ನಡೆದೆವು. ನೆಲ ಸುಡುತ್ತಿತ್ತು. ಪೂಜಾರಿ ವಿಷಯ ಕೇಳಿ ಹೆಚ್ಚು ಮಾತಾಡದೆ ಭಂಡಾರದ ಚೀಲ ಬಿಚ್ಚಿ ಮಾವನ ಬೊಗಸೆಗೆ ಸುರಿದ. ಮಾವ ನನ್ನ ಕಡೆ ತಿರುಗಿದರು.

"ಅಳಿಯಾ, ಈ ಸಲ ನೀ ಕೈ ಹಚ್ಚು."

"ನನಗ ನಂಬಿಕಿ ಇಲ್ಲ ಮಾವಾರ. ನಂಬಿಕಿ ಇಲ್ಲದ ಮುಟ್ಟಿದ್ರ ಸುಳ್ಳ ಆಗತೈತಿ."

"ನಂಬಿಕಿ ನಂದ ಐತಲ್ಲ. ನೀ ಬರೇ ಕೈ ಹಚ್ಚು."

ನಾನು ಹಚ್ಚಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದೆ. ಪ್ರಾಮಾಣಿಕತೆ ಎಂದರೆ ಇದೇ ಎಂದು ನಂಬಿದ್ದ ವಯಸ್ಸು. ನನ್ನ ಮಾತು ನಂಬಿ ಉಂಡ ಮನುಷ್ಯ ಕೈ ಚಾಚಿ ನಿಂತಿದ್ದಾನೆ, ನಾನು ನನ್ನ ತತ್ತ್ವ ಕಾಯುತ್ತ ನಿಂತಿದ್ದೇನೆ. ಅಕ್ಕ ಮುಂದೆ ಬಂದು ಗಂಡನ ಬೊಗಸೆಯ ಕೆಳಗೆ ತನ್ನ ಬೊಗಸೆ ಇಟ್ಟಳು. ಏನು ಬಿಡುತ್ತೀ ಎಂದು ಪೂಜಾರಿ ಕೇಳಿದ. ಬದನೆಕಾಯಿ ಎಂದರೂ ನಡೆಯುತ್ತಿತ್ತು, ಅಂಥ ಸುಲಭದ್ದನ್ನು ಬಿಟ್ಟವರು ಬೇಕಾದಷ್ಟು ಜನ.

"ಕೋಳಿ" ಎಂದಳು.

ಚಿಕ್ಕವಳಿದ್ದಾಗ ಕೋಳಿಯ ಕಾಲಿಗಾಗಿ ನನ್ನನ್ನು ಅಂಗಳದ ತುಂಬ ಅಟ್ಟಿಸಿಕೊಂಡು ಓಡಿದವಳು ಅವಳು. ಅವಳ ಗಂಗಾಳದಲ್ಲಿದ್ದ ನನ್ನ ಫ್ರೆಂಚ್ ಹುಂಜದ ತೊಡೆಯನ್ನು ಗಡಿಬಿಡಿಯಲ್ಲಿ ಹಾಗೇ ಬಿಟ್ಟು ಬಂದಿದ್ದಳು. ಮನೆಗೆ ಹೋದ ಮೇಲೆ ನಾಯಿಗೆ ಹಾಕಿದಳು.

ಇಷ್ಟು ನನ್ನ ನೆನಪು. ಬಹಳ ವರ್ಷಗಳ ಮೇಲೆ ಇದನ್ನು ಅಕ್ಕನ ಮುಂದೆ ಹೇಳಿದಾಗ ಅವಳು ಒಪ್ಪಲಿಲ್ಲ. "ನಿನ್ನ ಅವ್ರು ಕೇಳಲೇ ಇಲ್ಲೋ ತಮ್ಮಾ. ನಾನ ಮುಂದ ಹೋದೆ. ನೀ ಅಲ್ಲಿ ಕಟ್ಟಿ ಮ್ಯಾಲ ಬಿಸಲಿಗೆ ತಲಿ ಹಿಡ್ಕೊಂಡ ಕುಂತಿದ್ದಿ." ಅವಳು ಸುಳ್ಳು ಹೇಳಿ ನನ್ನನ್ನು ಉಳಿಸುತ್ತಿದ್ದಾಳೆಯೇ? ಅಥವಾ ನನ್ನ ತಪ್ಪಿಗೆ ಒಂದು ಒಳ್ಳೆಯ ಮಾತು, ಒಂದು ತತ್ತ್ವದ ಗೌರವ ಇರಲಿ ಎಂದು ನಾನೇ ಆ ಸಂಭಾಷಣೆಯನ್ನು ಕಟ್ಟಿಕೊಂಡೆನೇ? ಮಾವ ಕೇಳಲೇ ಇಲ್ಲ ಎಂದಾದರೆ, ನನ್ನ ಕೈ ಆಣೆ ಹಿಡಿದು ನಿಲ್ಲುವಂಥದ್ದಲ್ಲ ಎಂದು ಅವರಿಗೆ ಮೊದಲೇ ತಿಳಿದಿತ್ತು. ಎರಡರಲ್ಲಿ ಯಾವುದು ನಿಜವಾದರೂ ನಾನು ಬಚಾವಾಗುವುದಿಲ್ಲ. ಮಾವನನ್ನು ಕೇಳಬಹುದಿತ್ತು. ಕೇಳಲಿಲ್ಲ.

ಕುದಿಸಿದರೆ ಅಮಲೆಲ್ಲ ಹಾರಿಹೋಗುತ್ತದೆ ಎಂಬುದು ಪೂರ್ತಿ ನಿಜವಲ್ಲವೆಂದು ಮುಂದೆ ಎಲ್ಲೋ ಓದಿದೆ. ತಾಸುಗಟ್ಟಲೆ ಬೇಯಿಸಿದರೂ ಸ್ವಲ್ಪ ಉಳಿಯುತ್ತದಂತೆ. ಅದನ್ನು ಮಾತ್ರ ಮಾವನಿಗೆ ಹೇಳಿದೆ. ಅವರು ಕಂಬಳಿ ಮಡಿಸುತ್ತಿದ್ದರು. "ನಿನಗ ಈಗ ತಿಳೀತೇನ? ನನ್ನ ನಾಲಿಗಿಗೆ ಅವತ್ತ ತಿಳಿದಿತ್ತು" ಎಂದು ಮಡಿಸುವುದನ್ನು ಮುಂದುವರಿಸಿದರು. ಸಿಟ್ಟಿರಲಿಲ್ಲ. ಎರಡನೆಯ ಆಣೆಯನ್ನು ಅವರು ಮುರಿಯಲಿಲ್ಲ. ಆದರೆ ಮದುವೆ ಮುಂಜಿಗಳಲ್ಲಿ ಯಾರಾದರೂ ಅವರ ಮೊದಲಿನ ಎರಡು ವರ್ಷದ ಸಂಯಮವನ್ನೂ ಸೇರಿಸಿ ಹೊಗಳಿದರೆ, "ಅದು ಲೆಕ್ಕಕ್ಕಿಲ್ಲರಿ, ನಡುವ ಕಡದ ಹೋತು" ಎಂದು ತಾವೇ ತಿದ್ದುತ್ತಿದ್ದರು. ಯಾಕೆ ಕಡಿಯಿತು ಎಂದು ಯಾರಿಗೂ ಹೇಳಲಿಲ್ಲ. ನಾನು ಪಕ್ಕದಲ್ಲೇ ಇರುತ್ತಿದ್ದೆ.

ಈಗಲೂ ನಾನು ಜಮಖಂಡಿಗೆ ಹೋದರೆ ಅಕ್ಕ ಕೋಳಿ ಮಾಡುತ್ತಾಳೆ. ಬೇಡವೆಂದರೆ ಕೇಳುವುದಿಲ್ಲ. ಖಾರದಪುಡಿ, ಕೊಬ್ಬರಿ, ಎಳ್ಳು ಹಾಕಿ ನಮ್ಮ ಅವ್ವ ಮಾಡುತ್ತಿದ್ದ ಸಾರು. ತಾನು ನಾಲಿಗೆಗೆ ಹಚ್ಚುವಂತಿಲ್ಲವಾದ್ದರಿಂದ ಅಂದಾಜಿನ ಮೇಲೆ ಉಪ್ಪು ಹಾಕುತ್ತಾಳೆ. ಕೆಲವೊಮ್ಮೆ ಕಮ್ಮಿ, ಕೆಲವೊಮ್ಮೆ ಬಾಯಿಗಿಡಲಾಗದಷ್ಟು ಹೆಚ್ಚು. ಹೋದ ಸಲ ಉಪ್ಪೇ ಇರಲಿಲ್ಲ, ಮರೆತಿದ್ದಳು. ಬಡಿಸಿ, ಎದುರಿಗೆ ಕೂತು, ನನ್ನ ಮುಖವನ್ನೇ ನೋಡುತ್ತ ಕೇಳಿದಳು.

"ಉಪ್ಪ ಹೆಂಗ ಐತೋ?"

"ಬರೋಬ್ಬರಿ ಐತಿ ಅಕ್ಕಾ."

ಮಾವ ಒಂದು ತುತ್ತು ಉಂಡು ಉಪ್ಪಿನ ಬಟ್ಟಲನ್ನು ತಮ್ಮ ಗಂಗಾಳದ ಮರೆಯಲ್ಲಿ ನನ್ನ ಕಡೆ ಸರಿಸಿದರು. ನಾನು ಅದನ್ನು ಮುಟ್ಟದೆ ಇನ್ನೊಂದು ರೊಟ್ಟಿ ಕೇಳಿದೆ.